ಬಾಡಿಗೆ ಕಾರಿನ ಕೀಲಿ ಯಾರ ಕೈಗೆ?

2024ರ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಬೆಂಗಳೂರಿನ ಬಾಡಿಗೆ ಕಾರು ಕಂಪನಿಯೊಂದರ ಕೌಂಟರಿನ ಎದುರು ನಾನು ನಿಂತಿದ್ದೆ. ಸಾಗರದ ಕಡೆಯ ಹಳ್ಳಿಯಲ್ಲಿರುವ ನನ್ನ ಅಕ್ಕ ಬಚ್ಚಲಿನಲ್ಲಿ ಜಾರಿಬಿದ್ದು, ಶಿವಮೊಗ್ಗದ ಆಸ್ಪತ್ರೆಯಲ್ಲಿ ಸೊಂಟದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದಳು. ಮರುದಿನ ಆಕೆಯನ್ನು ಆಸ್ಪತ್ರೆಯಿಂದ ಬಿಡುಗಡೆ ಮಾಡುವವರಿದ್ದರು. ‘ನೀನೇ ಕಾರು ಓಡಿಸ್ಕೊಂಡು ಬಾರೋ, ನಮ್ಮೂರ ರಸ್ತೆಯ ಹೊಂಡ ಎಲ್ಲೆಲ್ಲಿದೆ ಅಂತ ಬೇರೆಯವರಿಗೆ ಏನು ಗೊತ್ತು’ ಎಂದು ಫೋನಿನಲ್ಲಿ ಹೇಳಿದ್ದಳು. ನಿವೃತ್ತಿಯ ನಂತರ ನನ್ನ ಹಳೆಯ ಕಾರನ್ನು ಮಾರಿದ್ದೆ. ನಗರದೊಳಗೆ ಮೆಟ್ರೊ, ಆಟೊಗಳಲ್ಲಿ ಕಾಲ ಕಳೆಯುತ್ತಿದ್ದವನು ಊರಿಗೆ ಹೋಗಬೇಕಾದಾಗ ಮಾತ್ರ ಕಾರನ್ನು ಬಾಡಿಗೆಗೆ ಪಡೆದು ನಾನೇ ಚಲಾಯಿಸಿಕೊಂಡು ಹೋಗುವುದು ರೂಢಿಯಾಗಿತ್ತು. ವರ್ಷಕ್ಕೆ ಮೂರೋ ನಾಲ್ಕೋ ಬಾರಿ ಬೇಕಾಗುವ ವಾಹನಕ್ಕೆ ಲಕ್ಷಗಟ್ಟಲೆ ಬಂಡವಾಳ ಹೂಡುವುದು ಅರ್ಥಶಾಸ್ತ್ರ ಓದಿದವನಿಗೆ ಒಪ್ಪುವ ಮಾತಲ್ಲ.

ಕೌಂಟರಿನಲ್ಲಿದ್ದ ತರುಣಿ ನನ್ನ ಚಾಲನಾ ಪರವಾನಗಿಯನ್ನು ಕೈಗೆತ್ತಿಕೊಂಡು, ಒಮ್ಮೆ ತಿರುಗಿಸಿ ನೋಡಿ, ‘ಸರ್, ನಿಮ್ಮ ಡಿ.ಎಲ್. ಮುಗಿದು ಹನ್ನೊಂದು ದಿನ ಆಗಿದೆ’ ಎಂದಳು. ಹಿಂದಿನ ವರ್ಷ ಕಂಪನಿಗೆ ಕಳುಹಿಸಿದ್ದ ಪ್ರತಿಯೇ ಅವರ ದಾಖಲೆಯಲ್ಲಿ ಇದ್ದುದರಿಂದ, ಮುಂಗಡ ಕಾದಿರಿಸುವಾಗ ಯಾರೂ ಏನೂ ಕೇಳಿರಲಿಲ್ಲ. ನನಗೆ ಗಾಬರಿಯೇನೂ ಆಗಲಿಲ್ಲ. ಸೇವೆಯಲ್ಲಿದ್ದಾಗ ಎರಡು ವರ್ಷ ಸಾರಿಗೆ ಇಲಾಖೆಯ ಕಡತಗಳು ನನ್ನ ಮೇಜಿನ ಮೇಲೆ ಹಾದುಹೋಗಿದ್ದವು. ‘ನೋಡಮ್ಮ, ಮೋಟಾರು ವಾಹನ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ಅವಧಿ ಮುಗಿದ ಮೇಲೂ ಮೂವತ್ತು ದಿನ ಪರವಾನಗಿ ಚಾಲ್ತಿಯಲ್ಲಿರುತ್ತದೆ’ ಎಂದು ಪಾಠ ಹೇಳುವ ದನಿಯಲ್ಲಿಯೇ ವಿವರಿಸಿದೆ. ಆಕೆ ಸಿಟ್ಟಾಗಲಿಲ್ಲ. ‘ಅದು ಹಳೇ ರೂಲ್ ಸರ್. ಈಗಿಲ್ಲ’ ಎಂದಳು. ಮೇಲಧಿಕಾರಿಯನ್ನು ಕರೆಯಿಸೆಂದೆ. ಆತನೂ ಬಂದು ಅದನ್ನೇ ಹೇಳಿದ. ಕೊನೆಗೆ ಹೊರಗೆ ಬಂದು, ಇಲಾಖೆಯಲ್ಲಿ ನನ್ನ ಕೈಕೆಳಗೆ ಕೆಲಸ ಮಾಡಿದ್ದ ಕಿರಿಯ ಮಿತ್ರರೊಬ್ಬರಿಗೆ ಫೋನು ಮಾಡಿದೆ. ಅವರು ಸ್ವಲ್ಪ ಸಂಕೋಚದಿಂದಲೇ, ‘ಹುಡುಗಿ ಹೇಳಿದ್ದು ಸರಿ ಸಾರ್. 2019ರ ತಿದ್ದುಪಡಿಯಲ್ಲಿ ಆ ಮೂವತ್ತು ದಿನ ತೆಗೆದುಬಿಟ್ಟರು’ ಎಂದರು.

ನಾನು ಪರವಾನಗಿಯನ್ನು ನವೀಕರಿಸಿದ್ದು ನಿವೃತ್ತಿಯ ವರ್ಷವಾದ 2019ರ ಆರಂಭದಲ್ಲಿ. ಆಗ ಆ ರಿಯಾಯಿತಿ ಜೀವಂತವಾಗಿತ್ತು. ಅದೇ ವರ್ಷದ ಸೆಪ್ಟೆಂಬರ್ 1ರಂದು ತಿದ್ದುಪಡಿಯ ಹಲವು ಅಂಶಗಳು ಜಾರಿಗೆ ಬಂದವು. ಆ ದಿನಗಳಲ್ಲಿ ಪತ್ರಿಕೆಗಳೆಲ್ಲ ದಂಡದ ಮೊತ್ತ ಏರಿದ್ದರ ಬಗ್ಗೆಯೇ ಬರೆದವು, ನಾವೂ ಅದನ್ನೇ ಓದಿದೆವು. ಪರವಾನಗಿ ಇಲ್ಲದೆ ವಾಹನ ಚಲಾಯಿಸಿದರೆ 500 ರೂಪಾಯಿ ಇದ್ದ ದಂಡ 5,000ಕ್ಕೆ ಏರಿದ್ದು ಎಲ್ಲರಿಗೂ ಗೊತ್ತಾಯಿತು. ಅವಧಿ ಮೀರಿದ ಮರುದಿನವೇ ನಾವು ಪರವಾನಗಿ ಇಲ್ಲದವರ ಸಾಲಿಗೆ ಸೇರುತ್ತೇವೆ ಎಂಬುದು ಬಹುಮಂದಿಗೆ ತಿಳಿಯಲೇ ಇಲ್ಲ. ಕಾನೂನಿನ ಅಜ್ಞಾನ ಕ್ಷಮಾರ್ಹವಲ್ಲ ಎಂದು ಮೂವತ್ತು ವರ್ಷ ಸಾರ್ವಜನಿಕರಿಗೆ ಉಪದೇಶ ಮಾಡಿದವನು ನಾನು. ಆ ಬೆಳಿಗ್ಗೆ ಫುಟ್‌ಪಾತಿನ ಮೇಲೆ ಬ್ಯಾಗು ಹಿಡಿದು ನಿಂತು ಆ ವಾಕ್ಯವನ್ನು ನನಗೇ ಹೇಳಿಕೊಂಡೆ.

ಅವಧಿಯ ಲೆಕ್ಕಾಚಾರವೂ ಆಗಲೇ ಬದಲಾಗಿದೆ. ಮೂವತ್ತು ತುಂಬುವ ಮೊದಲು ಪರವಾನಗಿ ಪಡೆದವರಿಗೆ ಅದು ನಲವತ್ತು ತುಂಬುವವರೆಗೆ ನಡೆಯುತ್ತದೆ. ಮೂವತ್ತರಿಂದ ಐವತ್ತರೊಳಗಿನವರಿಗೆ ಹತ್ತು ವರ್ಷ, ಐವತ್ತರಿಂದ ಐವತ್ತೈದರೊಳಗಿನವರಿಗೆ ಅರವತ್ತು ತುಂಬುವವರೆಗೆ, ಅದರ ಮೇಲಿನವರಿಗೆ ಐದೈದು ವರ್ಷ. ಅವಧಿ ಮುಗಿಯುವ ಒಂದು ವರ್ಷ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬಹುದು. ಮುಗಿದು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಸುಮ್ಮನಿದ್ದರೆ ಹೊಸಬರಂತೆ ಚಾಲನಾ ಪರೀಕ್ಷೆಗೆ ನಿಲ್ಲಬೇಕು. ಈ ಗಡುವು ಮೊದಲು ಐದು ವರ್ಷವಿತ್ತು. ಸ್ವಂತ ಕಾರುಳ್ಳವನಿಗೆ ಇದನ್ನು ನೆನಪಿಸುವವರು ಯಾರೂ ಇಲ್ಲ, ಪೊಲೀಸರು ಅಡ್ಡಹಾಕಿದರೆ ಮಾತ್ರ ಗೊತ್ತಾಗುತ್ತದೆ. ಬಾಡಿಗೆಗೆ ಪಡೆಯುವವನಿಗೆ ಮಾತ್ರ ಪ್ರತಿ ಬಾರಿಯೂ ಒಂದು ತಪಾಸಣೆ ಇದೆ. ಅದೇ ನನ್ನನ್ನು ಆ ದಿನ ಉಳಿಸಿತು ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಿದ್ದು ಬೇರೆ.

ತಾನೇ ಚಲಾಯಿಸಿಕೊಂಡು ಹೋಗುವ ಬಾಡಿಗೆ ಕಾರಿಗೆ ಎಂಥ ಪರವಾನಗಿ ಬೇಕು ಎಂಬ ಬಗ್ಗೆ ನಮ್ಮ ಮಧ್ಯಮವರ್ಗದಲ್ಲಿ ತಪ್ಪು ಕಲ್ಪನೆಗಳು ಸಾಕಷ್ಟಿವೆ. ಆ ಕಾರಿನ ಸಂಖ್ಯಾ ಫಲಕ ಕಪ್ಪು, ಅಕ್ಷರ ಹಳದಿ. ಹಳದಿಯ ಮೇಲೆ ಕಪ್ಪು ಅಕ್ಷರವಿದ್ದರೆ ಟ್ಯಾಕ್ಸಿ, ಬಿಳಿಯ ಮೇಲೆ ಕಪ್ಪು ಇದ್ದರೆ ಖಾಸಗಿ. ಫಲಕ ಬಿಳಿಯದಲ್ಲ ಎಂದ ಮೇಲೆ ಅದು ವಾಣಿಜ್ಯ ವಾಹನ, ಓಡಿಸಲು ಬ್ಯಾಡ್ಜ್ ಬೇಕು ಎಂದು ಎಷ್ಟೋ ಜನ ನಂಬಿದ್ದಾರೆ. ಗಡಿ ತಪಾಸಣೆಯಲ್ಲಿ ಹಾಗೆಂದು ಪ್ರವಾಸಿಗರನ್ನು ನಿಲ್ಲಿಸಿದ ಪ್ರಸಂಗಗಳನ್ನೂ ಕೇಳಿದ್ದೇನೆ. ಆದರೆ 1988ರ ಕಾಯ್ದೆಯ 3ನೇ ಸೆಕ್ಷನ್ ಇದನ್ನು ಮೊದಲೇ ಬಿಡಿಸಿಟ್ಟಿದೆ. ಸಾರಿಗೆ ವಾಹನ ಓಡಿಸಲು ಪರವಾನಗಿಯಲ್ಲಿ ಅದಕ್ಕೆ ವಿಶೇಷ ಅನುಮತಿ ಇರಬೇಕು ಎನ್ನುವ ಆ ಸೆಕ್ಷನ್, ಸ್ವಂತ ಉಪಯೋಗಕ್ಕೆ ಬಾಡಿಗೆಗೆ ಪಡೆದ ಮೋಟಾರ್ ಕ್ಯಾಬ್ ಮತ್ತು ಮೋಟಾರ್ ಸೈಕಲ್‌ಗಳನ್ನು ಅದೇ ವಾಕ್ಯದಲ್ಲಿ ಹೊರಗಿಟ್ಟಿದೆ. ಸಾಮಾನ್ಯ ಕಾರು ಓಡಿಸುವ ಚಾಲ್ತಿ ಪರವಾನಗಿಯೇ ಸಾಕು. ಬ್ಯಾಡ್ಜ್ ಕೇಳಬಾರದೆಂದು ಕೇಂದ್ರ ಸಾರಿಗೆ ಸಚಿವಾಲಯ 2021ರಲ್ಲಿ ರಾಜ್ಯಗಳಿಗೆ ಮತ್ತೊಮ್ಮೆ ತಿಳಿಹೇಳಬೇಕಾಯಿತು. ಹಗುರ ವಾಹನದ ಪರವಾನಗಿ ಇದ್ದವರು 7,500 ಕಿಲೋ ಮೀರದ ಸಾರಿಗೆ ವಾಹನವನ್ನೂ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ತೀರ್ಪು ನೀಡಿದ ಮೇಲೆ ಈ ವಿವಾದದ ಬೇರೆ ಕವಲುಗಳೂ ಬಹುಮಟ್ಟಿಗೆ ಮುಗಿದಿವೆ.

ಬಾಡಿಗೆ ಕಾರು ಓಡಿಸಲು ಕಾಯ್ದೆಯ ಮಟ್ಟಿಗೆ ಪೂರ್ಣ ಪರವಾನಗಿ ಬೇಕು. ಕಲಿಕಾ ಪರವಾನಗಿ ನಡೆಯದು, ಅದಕ್ಕೆ ಪಕ್ಕದಲ್ಲಿ ಪರವಾನಗಿಯುಳ್ಳ ಬೋಧಕನಿರಬೇಕು, ‘ಎಲ್’ ಫಲಕ ಬೇಕು. ಕಂಪನಿಗಳು ಇದಕ್ಕೆ ತಮ್ಮದೇ ಷರತ್ತುಗಳನ್ನು ಸೇರಿಸುತ್ತವೆ. ಇಪ್ಪತ್ತೊಂದು ತುಂಬಿರಬೇಕು, ಪರವಾನಗಿ ಪಡೆದು ಇಷ್ಟು ಕಾಲವಾಗಿರಬೇಕು, ಒಪ್ಪಂದದಲ್ಲಿ ಹೆಸರಿದ್ದವರೇ ಚಕ್ರ ಹಿಡಿಯಬೇಕು, ಇಷ್ಟು ಠೇವಣಿ ಇಡಬೇಕು ಇತ್ಯಾದಿ. ಇದನ್ನು ಯುವಕರ ಮೇಲಿನ ಅನ್ಯಾಯವೆಂದು ನನ್ನ ಮೊಮ್ಮಗನ ವಯಸ್ಸಿನವರು ದೂರುತ್ತಾರೆ. ಕಂಪನಿಯ ಕಡೆಯಿಂದಲೂ ಒಮ್ಮೆ ನೋಡಬೇಕು. ಹತ್ತು ಲಕ್ಷದ ಆಸ್ತಿಯನ್ನು ಹತ್ತು ನಿಮಿಷದ ಪರಿಚಯದವನ ಕೈಗೆ ಕೊಡುವ ವ್ಯಾಪಾರವಿದು. ಆತ ಹೇಗೆ ಓಡಿಸುತ್ತಾನೆಂದು ಆತನಿಗೆ ಗೊತ್ತು, ಕಂಪನಿಗೆ ಗೊತ್ತಿಲ್ಲ. ಒಂದು ಕಡೆ ತಿಳಿವಳಿಕೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಇರುವ ಮಾರುಕಟ್ಟೆಗಳು ಹೇಗೆ ಕೆಡುತ್ತವೆ ಎಂಬುದನ್ನು ಜಾರ್ಜ್ ಅಕೆರ್ಲಾಫ್ 1970ರಷ್ಟು ಹಿಂದೆಯೇ ಹಳೆಯ ಕಾರುಗಳ ವ್ಯಾಪಾರವನ್ನೇ ಉದಾಹರಣೆಯಾಗಿಟ್ಟು ವಿವರಿಸಿದರು. ಎಂ.ಎ. ತರಗತಿಯಲ್ಲಿ ಅದನ್ನು ಓದುವಾಗ ಒಂದು ದಿನ ನಾನೇ ಆ ಕೆಟ್ಟ ಸರಕಿನ ಜಾಗದಲ್ಲಿ ನಿಲ್ಲುತ್ತೇನೆಂದು ಊಹಿಸಿರಲಿಲ್ಲ.

ವಯಸ್ಸಿನ ಪ್ರಶ್ನೆಯನ್ನು ಬೇರೆ ರೀತಿಯಲ್ಲೂ ಬಗೆಹರಿಸಬಹುದು. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಹದಿನೆಂಟು ತುಂಬಿದವರಿಗೆ ವಯಸ್ಸೊಂದನ್ನೇ ಕಾರಣ ಮಾಡಿ ಕಾರು ನಿರಾಕರಿಸುವಂತಿಲ್ಲ. ಆದರೆ ಇಪ್ಪತ್ತೈದರೊಳಗಿನವರಿಂದ ಕಂಪನಿಗಳು ಹೆಚ್ಚುವರಿ ಶುಲ್ಕ ವಸೂಲು ಮಾಡುತ್ತವೆ. ಬಾಗಿಲು ಮುಚ್ಚುವುದರ ಬದಲು ಬೆಲೆ ಏರಿಸುವುದು ಅರ್ಥಶಾಸ್ತ್ರಜ್ಞನಿಗೆ ಹೆಚ್ಚು ಹಿಡಿಸುವ ದಾರಿ, ಹುಡುಗರಿಗೆ ಅದೂ ಹಿಡಿಸುವುದಿಲ್ಲ.

2017ರಲ್ಲಿ ಮಗಳ ಮನೆಗೆಂದು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದಾಗ ನಾನೂ ಅಲ್ಲಿ ಕಾರು ಬಾಡಿಗೆಗೆ ಪಡೆದಿದ್ದೆ. ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯ ಕಿರುಪುಸ್ತಕವನ್ನು ಮಾಡಿಸಿಕೊಂಡು, ಅದನ್ನೇ ದೊಡ್ಡ ದಾಖಲೆಯೆಂದು ಭಾವಿಸಿ ಮುಂದಿಟ್ಟೆ. ಅಲ್ಲಿಯವರು ಅದನ್ನು ಪಕ್ಕಕ್ಕಿಟ್ಟು, ‘ನಿಮ್ಮೂರಿನ ಅಸಲು ಪರವಾನಗಿ ಕೊಡಿ’ ಎಂದರು. ಅವರು ಕೇಳಿದ್ದು ಸರಿಯೇ. 1949ರ ಜಿನೀವಾ ಒಪ್ಪಂದದಡಿ ಕೊಡುವ ಆ ಪುಸ್ತಕ ಒಂದು ವರ್ಷ ಬಾಳುವ ಅನುವಾದವಷ್ಟೇ. ಅಸಲು ಪರವಾನಗಿ ಸತ್ತರೆ ಅದೂ ಸತ್ತಂತೆ. ಕ್ಯಾಲಿಫೋರ್ನಿಯಾದಲ್ಲಿ ಪ್ರವಾಸಿಗೆ ತನ್ನ ದೇಶದ ಚಾಲ್ತಿ ಪರವಾನಗಿ ಸಾಕು, ಜಪಾನಿಗೆ ಹೋದ ಭಾರತೀಯನಿಗೆ ಆ ಪುಸ್ತಕವಿಲ್ಲದೆ ಕಾರು ಸಿಗದು. ದೇಶಕ್ಕೊಂದು ನ್ಯಾಯ. ಇದರ ಇನ್ನೊಂದು ಮುಖವನ್ನು ಪ್ರತಿ ಡಿಸೆಂಬರಿನಲ್ಲೂ ಬೆಂಗಳೂರಿನಲ್ಲಿ ಕಾಣಬಹುದು. ರಜೆಗೆಂದು ಬರುವ ನಮ್ಮ ಹೊರನಾಡ ಮಕ್ಕಳು, ಇಲ್ಲಿನ ಪರವಾನಗಿಯನ್ನು ಎಂದೋ ಸಾಯಲು ಬಿಟ್ಟವರು, ಅಮೆರಿಕದ ಕಾರ್ಡನ್ನು ತೋರಿಸಿ ಮಡಿಕೇರಿಗೋ ಚಿಕ್ಕಮಗಳೂರಿಗೋ ಕಾರು ಕೇಳುತ್ತಾರೆ. ಅದರ ಜೊತೆಗೆ ಅಲ್ಲಿನ ಆಟೊಮೊಬೈಲ್ ಸಂಘದಿಂದ ಪಡೆದ ಅಂತರರಾಷ್ಟ್ರೀಯ ಪರವಾನಗಿ ಇರಬೇಕೆಂದು ತಿಳಿದಿರುವವರು ವಿರಳ. ಸ್ನೇಹಿತನ ಹೆಸರಿನಲ್ಲಿ ಕಾರು ಪಡೆದು ತಾವು ಓಡಿಸುವವರೇ ಹೆಚ್ಚು.

ಇಲ್ಲಿಗೆ ವಿಷಯದ ಮರ್ಮಕ್ಕೆ ಬಂದಂತಾಯಿತು. ಪರವಾನಗಿಯನ್ನು ಯಾಕೆ ಇಷ್ಟು ಕಟ್ಟುನಿಟ್ಟಾಗಿ ನೋಡಬೇಕು? ತೊಂಬತ್ತರ ದಶಕದಲ್ಲಿ ನಾನು ಉಪವಿಭಾಗವೊಂದರಲ್ಲಿದ್ದಾಗ ಕೂಲಿ ಮಾಡುವ ಹೆಂಗಸೊಬ್ಬಳು ಮಗುವನ್ನು ಸೊಂಟದಲ್ಲಿ ಕೂರಿಸಿಕೊಂಡು ಕಚೇರಿಗೆ ಬಂದಿದ್ದಳು. ಬಾಡಿಗೆಗೆ ಕೊಟ್ಟಿದ್ದ ಜೀಪೊಂದು ಆಕೆಯ ಗಂಡನನ್ನು ಕೊಂದಿತ್ತು. ಓಡಿಸುತ್ತಿದ್ದವನಿಗೆ ಪರವಾನಗಿ ಇಲ್ಲ, ಆದ್ದರಿಂದ ಹಣ ಕೊಡೆವು ಎಂದು ವಿಮೆಯವರು ವಾದಿಸಿದ್ದರು. ನಾನು ಬಾಡಿಗೆಗೆ ಕೊಟ್ಟಿದ್ದೆ, ಯಾರು ಓಡಿಸಿದರೋ ಗೊತ್ತಿಲ್ಲ ಎಂದು ಮಾಲೀಕ ಕೈ ಝಾಡಿಸಿದ್ದ. ಓಡಿಸಿದವನ ಬಳಿ ಕೊಡಲು ಏನೂ ಇರಲಿಲ್ಲ. ಪ್ರಕರಣ ನ್ಯಾಯಮಂಡಳಿಯ ಮುಂದಿತ್ತು, ನನ್ನ ಅಧಿಕಾರದ ವ್ಯಾಪ್ತಿಗೆ ಬರುತ್ತಿರಲಿಲ್ಲ. ಅದನ್ನು ತಿಳಿಹೇಳಲು ಯತ್ನಿಸಿದಾಗ ಆಕೆ, ‘ಗುದ್ದಿದ್ದು ಗಾಡಿ ಸ್ವಾಮಿ, ಕಾಗದ ಅಲ್ಲವಲ್ಲ’ ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ತಹಶೀಲ್ದಾರರಿಗೆ ಹೇಳಿ ವಿಧವಾ ವೇತನದ ಅರ್ಜಿ ತುಂಬಿಸಿ ಕಳುಹಿಸಿದೆ.

ಆಕೆಯಂಥವರಿಗೆ 2004ರಲ್ಲಿ ಸುಪ್ರೀಂ ಕೋರ್ಟ್ ಸ್ವರಣ್ ಸಿಂಗ್ ಪ್ರಕರಣದಲ್ಲಿ ಒಂದಿಷ್ಟು ನ್ಯಾಯ ಒದಗಿಸಿತು. ಚಾಲಕನ ಪರವಾನಗಿಯಲ್ಲಿ ದೋಷವಿದ್ದರೂ ವಿಮಾ ಕಂಪನಿ ಮೊದಲು ಸಂತ್ರಸ್ತರಿಗೆ ಹಣ ಕೊಡಲಿ, ಮಾಲೀಕನ ತಪ್ಪು ಸಾಬೀತಾದರೆ ಆ ಮೇಲೆ ಆತನಿಂದ ವಸೂಲು ಮಾಡಿಕೊಳ್ಳಲಿ ಎಂಬ ತತ್ವ ಅಲ್ಲಿ ಗಟ್ಟಿಯಾಯಿತು. ಹಾಗಾಗಿ ನಮ್ಮಲ್ಲಿ ಪರವಾನಗಿ ನೋಡದೆ ಕೀಲಿ ಕೊಟ್ಟ ಮಾಲೀಕನ ಕತ್ತಿಗೆ ಕೊನೆಗೂ ಆ ಹೊಣೆ ಬರುತ್ತದೆ. ಅದಲ್ಲದೆ ಪರವಾನಗಿಯಿಲ್ಲದವನಿಗೆ ವಾಹನ ಕೊಡುವುದನ್ನು ಕಾಯ್ದೆಯ 5ನೇ ಸೆಕ್ಷನ್ ಮಾಲೀಕನ ಅಪರಾಧವೆಂದೇ ಪರಿಗಣಿಸುತ್ತದೆ. ಅಮೆರಿಕ 2005ರಲ್ಲಿ ಇದಕ್ಕೆ ವ್ಯತಿರಿಕ್ತವಾದ ಹಾದಿ ಹಿಡಿಯಿತು. ಬಾಡಿಗೆ ಕಂಪನಿಯ ಸ್ವಂತ ನಿರ್ಲಕ್ಷ್ಯವಿಲ್ಲದಿದ್ದರೆ, ಗಿರಾಕಿ ಮಾಡಿದ ಅಪಘಾತಕ್ಕೆ ಕೇವಲ ಮಾಲೀಕನೆಂಬ ಕಾರಣಕ್ಕೆ ಅದನ್ನು ಹೊಣೆ ಮಾಡುವಂತಿಲ್ಲವೆಂದು ಅಲ್ಲಿನ ಸಂಸತ್ತು ಕಾನೂನು ಮಾಡಿತು. ನಮ್ಮ ದಾರಿಯೇ ಮೇಲೆಂದು ನನ್ನ ಅಭಿಪ್ರಾಯ. ಅಪಾಯವನ್ನು ಕಡಿಮೆ ಖರ್ಚಿನಲ್ಲಿ ತಡೆಯಬಲ್ಲವನ ಮೇಲೆಯೇ ಅದರ ಭಾರವಿರಬೇಕು. ಕೌಂಟರಿನಲ್ಲಿ ಕುಳಿತು ಕಾರ್ಡಿನ ದಿನಾಂಕ ನೋಡುವುದಕ್ಕಿಂತ ಅಗ್ಗದ ತಡೆ ಇನ್ನೊಂದಿಲ್ಲ.

ಆದರೆ ಈ ತಡೆ ಇರುವುದು ಕಪ್ಪು ಫಲಕದ ಕಂಪನಿಗಳಲ್ಲಿ ಮಾತ್ರ. ಬೆಂಗಳೂರು, ಮೈಸೂರು, ಮಂಗಳೂರುಗಳ ಬಡಾವಣೆಗಳಲ್ಲಿ ವಾಟ್ಸ್‌ಆ್ಯಪ್ ಸಂದೇಶದ ಮೇಲೆ ದೊರೆಯುವ ‘ವೈಟ್ ಬೋರ್ಡ್’ ಕಾರುಗಳ ವ್ಯವಹಾರವೇ ಬೇರೆ. ಖಾಸಗಿಯೆಂದು ನೋಂದಣಿಯಾದ ಕಾರನ್ನು ದಿನಕ್ಕಿಷ್ಟೆಂದು ಬಾಡಿಗೆಗೆ ಕೊಡುವುದು ಕಾನೂನುಬಾಹಿರ. ಅಲ್ಲಿ ಪರವಾನಗಿಯ ಫೋಟೊ ಕಳುಹಿಸಿದರಾಯಿತು, ಅದು ಯಾರದು, ಯಾವಾಗಿನದು ಎಂದು ಕೇಳುವವರಿಲ್ಲ. ಅಪಘಾತವಾದರೆ ವಿಮೆಯವರಿಗೆ ತಕರಾರು ತೆಗೆಯಲು ಒಂದರ ಬದಲು ಎರಡು ಕಾರಣ ಸಿಗುತ್ತವೆ.

ಈ ಕಳ್ಳ ಮಾರುಕಟ್ಟೆ ಬೆಳೆದದ್ದು ಯಾಕೆ? ಬರೀ ದುರಾಸೆಯಿಂದ ಎನ್ನುವುದು ಸೋಮಾರಿ ಉತ್ತರ. 1989ರ ರೆಂಟ್-ಎ-ಕ್ಯಾಬ್ ಯೋಜನೆ ರೂಪಿಸಿದವರು, ಈ ವ್ಯಾಪಾರಕ್ಕಿಳಿಯುವವರ ಬಳಿ ಅಖಿಲ ಭಾರತ ಪ್ರವಾಸಿ ಪರ್ಮಿಟ್ ಇರುವ ಕನಿಷ್ಠ 50 ಕಾರುಗಳಿರಬೇಕು, ಅವುಗಳಲ್ಲಿ ಅರ್ಧದಷ್ಟು ಹವಾನಿಯಂತ್ರಿತವಾಗಿರಬೇಕು ಎಂದು ಬರೆದರು. ವಿದೇಶಿ ಪ್ರವಾಸಿಗನೂ ಪಂಚತಾರಾ ಹೋಟೆಲೂ ಅವರ ಕಣ್ಣ ಮುಂದಿದ್ದಿರಬೇಕು. ಮೋಟಾರ್ ಸೈಕಲ್‌ಗಳಿಗೆ 1997ರಲ್ಲಿ ಮಾಡಿದ ಯೋಜನೆಯಲ್ಲಿ ಐದು ಬೈಕುಗಳಿದ್ದರೆ ಸಾಕಿತ್ತು. ಐದು ಬೈಕಿನವನನ್ನು ನಂಬಿದ ಸರ್ಕಾರ ಐದು ಕಾರಿನವನನ್ನು ನಂಬಲಿಲ್ಲ. ಕುಂದಾಪುರದಲ್ಲಿಯೋ ಸಕಲೇಶಪುರದಲ್ಲಿಯೋ ನಾಲ್ಕು ಕಾರಿಟ್ಟು ಪ್ರಾಮಾಣಿಕವಾಗಿ ಬದುಕಬಯಸುವ ಯುವಕನಿಗೆ ಕಾನೂನಿನ ಬಾಗಿಲು ಇಲ್ಲದಿದ್ದ ಮೇಲೆ ಆತ ಕಿಟಕಿಯಿಂದ ನುಗ್ಗುತ್ತಾನೆ. ಕಾರಿನ ಸಂಖ್ಯೆಯ ಷರತ್ತಿನಿಂದ ರಸ್ತೆ ಸುರಕ್ಷಿತವಾಗುವುದಿಲ್ಲ. ಸುರಕ್ಷಿತವಾಗುವುದು ಪ್ರತಿ ಬಾರಿ ಕೀಲಿ ಕೊಡುವಾಗಲೂ ಪರವಾನಗಿಯನ್ನು ಕೇಂದ್ರದ ‘ಸಾರಥಿ’ ದತ್ತಾಂಶದೊಂದಿಗೆ ತಾಳೆ ನೋಡಬೇಕೆಂಬ ಷರತ್ತಿನಿಂದ. ಸಂಖ್ಯೆಯ ಮಿತಿಯನ್ನು ಐದಕ್ಕೆ ಇಳಿಸಿ, ತಾಳೆ ನೋಡುವುದನ್ನು ಕಡ್ಡಾಯ ಮಾಡಿ, ನೋಡದವನ ಅನುಮತಿ ರದ್ದು ಮಾಡಿದರೆ ಬಿಳಿ ಫಲಕದ ಎಷ್ಟೋ ಮಂದಿ ತಾವಾಗಿಯೇ ಕಪ್ಪು ಫಲಕಕ್ಕೆ ಬರುತ್ತಾರೆ. ಇದಕ್ಕೆ ಹೊಸ ಇಲಾಖೆಯಾಗಲಿ ಹೊಸ ಹುದ್ದೆಯಾಗಲಿ ಬೇಕಿಲ್ಲ. ಹಾಗಾಗಿಯೇ ಇದು ಯಾರ ಉತ್ಸಾಹವನ್ನೂ ಕೆರಳಿಸದಿರಬಹುದು!

ಇನ್ನೊಂದು ಸಣ್ಣ ಮಾತನ್ನೂ ಇಲ್ಲಿ ಹೇಳಬೇಕು. ಪ್ರವಾಸಿ ತಾಣಗಳ ಬೈಕು ಬಾಡಿಗೆ ಅಂಗಡಿಗಳಲ್ಲಿ ಅಸಲು ಪರವಾನಗಿಯನ್ನು ಒತ್ತೆಯಾಗಿ ಇಟ್ಟುಕೊಳ್ಳುವ ಪದ್ಧತಿಯಿದೆ. ಪರವಾನಗಿ ಎಂಬುದು ಚಾಲಕನ ಬಳಿಯಿರಬೇಕಾದ ದಾಖಲೆ, ಗಿರವಿ ಇಡುವ ಬಂಗಾರವಲ್ಲ. ಡಿಜಿಲಾಕರಿನ ಪ್ರತಿಗೆ 2018ರಿಂದ ಮಾನ್ಯತೆ ಇರುವುದರಿಂದ ಪೊಲೀಸರೆದುರು ಪಾರಾಗಬಹುದು, ಆದರೆ ಬೈಕು ಕೆಟ್ಟರೆ ಆ ಅಂಗಡಿಯವನ ಮುಂದೆ ಚೌಕಾಸಿ ಮಾಡುವ ಶಕ್ತಿ ನಿಮ್ಮಲ್ಲಿ ಉಳಿಯುವುದಿಲ್ಲ. ಪ್ರತಿ ಕೊಡಿ, ಠೇವಣಿ ಕೊಡಿ, ಅಸಲನ್ನು ಕೊಡಬೇಡಿ.

ಆ ದಿನ ಮುಂದೇನಾಯಿತೆಂದರೆ, ಕಂಪನಿಯವರು ಮುಂಗಡವನ್ನು ಹಿಂದಿರುಗಿಸಿದರು. ನಾನು ಮೆಜೆಸ್ಟಿಕ್‌ಗೆ ಹೋಗಿ ಶಿವಮೊಗ್ಗದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ, ಒಂದು ವೇಳೆ ಆಕೆ ನನ್ನ ಬಿಳಿ ಕೂದಲಿಗೆ, ಹಳೆಯ ಹುದ್ದೆಯ ಹೆಸರಿಗೆ ಮಣಿದು ಕೀಲಿ ಕೊಟ್ಟಿದ್ದರೆ ಎಂಬ ಯೋಚನೆಯೇ ಬರುತ್ತಿತ್ತು. ಅರಸೀಕೆರೆಯ ಬಳಿ ಯಾರಾದರೂ ಅಡ್ಡ ಬಂದಿದ್ದರೆ, ನಲವತ್ತು ವರ್ಷ ಅಪಘಾತವಿಲ್ಲದೆ ಓಡಿಸಿದ ಅನುಭವಕ್ಕೆ ಕಾನೂನಿನಲ್ಲಿ ಕವಡೆಯ ಬೆಲೆ ಇರುತ್ತಿರಲಿಲ್ಲ. ಮರುದಿನ ಅಕ್ಕನನ್ನು ಶಿವಮೊಗ್ಗದ ಟ್ಯಾಕ್ಸಿಯೊಂದರಲ್ಲಿ ಊರಿಗೆ ಕರೆದೊಯ್ದೆ. ಚಾಲಕ ನಮ್ಮ ಸೀಮೆಯವನೇ, ಹೊಂಡಗಳೆಲ್ಲ ನನಗಿಂತ ಆತನಿಗೇ ಚೆನ್ನಾಗಿ ಗೊತ್ತಿದ್ದವು. ಅಕ್ಕ ಹಿಂದಿನ ಸೀಟಿನಲ್ಲಿ ದಿಂಬಿಗೆ ಒರಗಿ ಸುಮ್ಮನಿದ್ದವಳು ಆನಂದಪುರ ದಾಟಿದ ಮೇಲೆ, ‘ನಿನ್ನ ಲೈಸೆನ್ಸು ಮುಗಿದದ್ದು ನಿನಗೇ ಗೊತ್ತಿರಲಿಲ್ವೇನೋ?’ ಎಂದು ಕೇಳಿದಳು. ಚಾಲಕ ಕನ್ನಡಿಯಲ್ಲಿ ನನ್ನನ್ನು ನೋಡಿದ.

ಬೆಂಗಳೂರಿಗೆ ಬಂದ ವಾರದಲ್ಲಿಯೇ ವೈದ್ಯರ ಬಳಿ ಕಣ್ಣು, ಕಿವಿ ತೋರಿಸಿ 1-ಎ ನಮೂನೆಗೆ ಸಹಿ ಹಾಕಿಸಿಕೊಂಡು ನವೀಕರಣಕ್ಕೆ ಅರ್ಜಿ ಸಲ್ಲಿಸಿದೆ. ಹೊಸ ಕಾರ್ಡು ಅಂಚೆಯಲ್ಲಿ ಬಂತು. ಅದರ ಮೇಲಿನ ಕೊನೆಯ ದಿನಾಂಕ 2029ರದು. ಅದನ್ನು ಅಡುಗೆಮನೆಯ ಗೋಡೆಯ ಮೇಲೆ, ಗ್ಯಾಸ್ ಸಿಲಿಂಡರಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಪಕ್ಕದಲ್ಲಿ, ಹೆಂಡತಿಯ ಕೈಯಲ್ಲಿ ದೊಡ್ಡಕ್ಷರದಲ್ಲಿ ಬರೆಯಿಸಿದ್ದೇನೆ.